ಅರಮನೆಯ ನೆಲದಲ್ಲೊಬ್ಬ ಪರಗಂಡಸು

ಹೂಜಿಯ ಕತ್ತಿನ ಚೂರು ಎರಡನೆಯ ಸಲವೂ ಸರಿಯಾಗಿ ಕೂರಲಿಲ್ಲ. ತಪ್ಪು ಚೂರಿನದಲ್ಲ, ತನ್ನ ಕೈಯದು ಎಂದು ನಾಜಿಗೆ ಗೊತ್ತಿತ್ತು. ಆದರೂ ಚೂರನ್ನೇ ದುರುಗುಟ್ಟಿ ನೋಡಿದ. ಒಡೆದ ಮಡಕೆಗಳನ್ನು ಕೂಡಿಸುವುದೇ ಅವನ ಕಸುಬು. ಉಮ್ ಅಲ್-ಹವಾ ದಿಬ್ಬದ ಉತ್ಖನನಕ್ಕೆ ಬಂದ ಮೇಲೆ ಸುಮೇರಿಯದ ಅದೆಷ್ಟೋ ಹೂಜಿ ಬಟ್ಟಲುಗಳು ಅವನ ಮೇಜಿನ ಮೇಲೆ ಮತ್ತೆ ಹೊಟ್ಟೆ ಕತ್ತು ಪಡೆದು ಎದ್ದು ನಿಂತಿದ್ದವು. ಅಂಟು ಹಚ್ಚಿ, ಮರಳು ತುಂಬಿದ ತಟ್ಟೆಯಲ್ಲಿ ಚೂರನ್ನು ಓರೆಯಾಗಿ ನಿಲ್ಲಿಸಿ, ಒಣಗುವವರೆಗೆ ಉಸಿರು ಬಿಗಿಹಿಡಿದು ಕಾಯುವುದರಲ್ಲಿ ಅವನಿಗೊಂದು ಸುಖವಿತ್ತು. ಇವತ್ತು ಆ ಸುಖವಿಲ್ಲ. ಇವತ್ತು ಅಕ್ಕ ಬದ್ರಿಯಾ ಬರುತ್ತಾಳೆ. ಶತ್ರಾ ಪೇಟೆಯಿಂದ ರೊಟ್ಟಿ ತರಕಾರಿ ತರುವ ದಾಖಿಲನ ಗಾಡಿಯಲ್ಲಿ, ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಪಾತ್ರೆಯಿಟ್ಟುಕೊಂಡು, ದಾರಿಯುದ್ದಕ್ಕೂ ಮಾತಾಡುತ್ತ ಬರುತ್ತಾಳೆ. ದಿಬ್ಬ ನೋಡಬೇಕಂತೆ. ನಲವತ್ತು ದಾಟಿದ ತಮ್ಮ ಹೋದ ಸಲ ಊರಿಗೆ ಬಂದಾಗ ಒಂದೇ ಊಟದಲ್ಲಿ ಲಮ್ಯಾ ಎಂಬ ಹೆಸರನ್ನು ಅನ್ನದ ಜತೆ, ಮೀನಿನ ಜತೆ, ಕೊನೆಗೆ ಚಹದ ಜತೆಗೂ ನಂಚಿಕೊಂಡಿದ್ದನ್ನು ಕೇಳಿದ ಮೇಲೆ ಬದ್ರಿಯಾಳಿಗೆ ಇದ್ದಕ್ಕಿದ್ದಂತೆ ಸುಮೇರಿಯದ ಮೇಲೆ ಅಭಿಮಾನ ಹುಟ್ಟಿತ್ತು.

ಆ ಹುಡುಗಿ ಏನ್ಮಾಡ್ತಾಳೆ ಎಂದು ಅವತ್ತು ಅಕ್ಕ ಕೇಳಿದ್ದಳು. ಪುಸ್ತಕ ನೋಡಿಕೊಳ್ಳುತ್ತಾಳೆ ಎಂದುಬಿಟ್ಟ. ಅದು ಬಾಯಿಂದ ಜಾರಿದ ಸುಳ್ಳಲ್ಲ, ಬಾಯಲ್ಲಿ ತಯಾರಾಗಿ ಕೂತಿದ್ದ ಸುಳ್ಳು. ಲಮ್ಯಾ ನೋಡಿಕೊಳ್ಳುತ್ತಿದ್ದದ್ದು ಮೂಳೆಗಳನ್ನು. ಅರಮನೆ ಪಾಳುಬಿದ್ದು ಎಷ್ಟೋ ತಲೆಮಾರು ಕಳೆದ ಮೇಲೆ ಊರವರು ಅದರ ಕೋಣೆಗಳ ನೆಲ ಅಗೆದು ತಮ್ಮ ಸತ್ತವರನ್ನು ಹೂಳಿದ್ದರು. ಆ ಗೋರಿಗಳೊಳಗೆ ಬೋರಲು ಮಲಗಿ, ಪಕ್ಕೆಲುಬುಗಳ ನಡುವಿನ ಮಣ್ಣನ್ನು ಬ್ರಷ್ಷಿನಿಂದ ಬಿಡಿಸುತ್ತ, ಗುನುಗುತ್ತ ಇಡೀ ದಿನ ಕಳೆಯುವವಳು ಅವಳು. ಆ ಸುಳ್ಳಿಗೊಂದು ಜೋಡಿಯೂ ಇತ್ತು. ನಿಮ್ಮಕ್ಕ ಏನ್ಮಾಡ್ತಾರೆ ಎಂದು ಲಮ್ಯಾ ಕೇಳಿದಾಗ, ಬಟ್ಟೆ ಹೊಲೀತಾಳೆ ಎಂದಿದ್ದ. ಬದ್ರಿಯಾ ಶತ್ರಾದಲ್ಲಿ ಸತ್ತ ಹೆಂಗಸರ ಮೈ ತೊಳೆಯುವವಳು. ಅವಳಿಗೆ ಮುಂಚೆ ಅಮ್ಮ ತೊಳೆಯುತ್ತಿದ್ದಳು. ಚಿಕ್ಕಂದಿನ ಒಂದು ಹಬ್ಬದ ಬೆಳಿಗ್ಗೆ, ಅಮ್ಮ ಖರ್ಜೂರ ತುಂಬಿ ಸುಟ್ಟ ಕ್ಲೇಚದ ತಟ್ಟೆ ಹಿಡಿದು ಅವನು ನೆರೆಮನೆಯ ಬಾಗಿಲಲ್ಲಿ ನಿಂತಿದ್ದಾನೆ. ಆ ಮನೆಯ ಹೆಂಗಸು ಎಷ್ಟು ಚೆನ್ನಾಗಿ ನಗುತ್ತಾಳೆ, ನಿಮ್ಮಮ್ಮನ ಕೈಗೆ ಕೇಡಿಲ್ಲದಿರಲಿ ಅನ್ನುತ್ತಾಳೆ, ಗಲ್ಲ ಸವರುತ್ತಾಳೆ. ಖಾಲಿ ತಟ್ಟೆಗೆ ಕಾಯುತ್ತ ಗೋಡೆಯ ಸಂದಿಯಲ್ಲಿ ಇಣುಕಿದರೆ ಹಿತ್ತಲಲ್ಲಿ ಕೋಳಿಗಳು ಅಮ್ಮನ ಕ್ಲೇಚ ಕುಕ್ಕುತ್ತಿವೆ. ಕೋಳಿಗಳಿಗೆ ಬಹಳ ಹಿಡಿಸಿತ್ತು. ಅದನ್ನು ನೆನೆದರೆ ಈಗಲೂ ಅವನಿಗೆ ಅಳುವಿಗಿಂತ ಮೊದಲು ನಗು ಬರುತ್ತದೆ, ನಗುವಿನ ಹಿಂದೆಯೇ ಕಿವಿ ಬಿಸಿಯಾಗುತ್ತದೆ. ದಿಬ್ಬದ ಮೇಲೆ ಎಷ್ಟು ಗೋರಿ ತೆರೆದರೂ ಅವನು ಒಂದರೊಳಗೂ ಕಾಲಿಟ್ಟವನಲ್ಲ. ಅಲ್ಲಿಯ ಮಡಕೆಗಳು ಮೇಲೆ ಬಂದು, ತೊಳೆದು, ಒಣಗಿದ ಮೇಲಷ್ಟೇ ಅವನ ಕೈಗೆ.

ಬೆಳಿಗ್ಗೆ ಚಹದ ಹೊತ್ತಿನಲ್ಲಿ, ಎಂದಿನ ಹಾಗೆ ಮರ್ಯಾದೆಯ ‘ಸಿತ್’ ಸೇರಿಸಿ, ಒಂದು ಪ್ರಯತ್ನ ಮಾಡಿ ನೋಡಿದ್ದ. "ಬಿಸಿಲು ಜೋರಿದೆ, ಸಿತ್ ಲಮ್ಯಾ. ಇವತ್ತೊಂದು ದಿನ ಒಳಗೆ ಕೂತು ಏನಾದ್ರೂ ಓದ್ಕೋಬಾರ್ದಾ?"

"ನಾನೇನು ಬೆಣ್ಣೆನಾ, ಕರಗೋಕೆ?" ಎಂದು ಅವಳು ಬ್ರಷ್ಷುಗಳನ್ನು ಕಂಕುಳಿಗೆ ಸಿಗಿಸಿಕೊಂಡು ಹೊರಟೇಹೋಗಿದ್ದಳು. ಎರಡು ಹೆಜ್ಜೆ ಹೋಗಿ ತಿರುಗಿ, "ನಿಮ್ಮಕ್ಕ ಬಂದ ಕೂಡ್ಲೆ ಹೇಳಿಕಳಿಸಿ, ಅವರ ಹತ್ರ ನಂಗೊಂದು ಕೆಲಸ ಇದೆ" ಎಂದಿದ್ದಳು. ಆ ಕೆಲಸ ಯಾವುದೆಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಗಾಡಿಯ ಹಾರನ್ನು ಕೇಳಿತು. ಅವನು ಹೊರಗೆ ಬರುವಷ್ಟರಲ್ಲಿ ದಾಖಿಲ ಇಳಿದು, ಮಂತ್ರಿಗೆ ತೆರೆಯುವ ಹಾಗೆ ಆಚೆ ಬದಿಯ ಬಾಗಿಲು ತೆರೆದು, ಪಾತ್ರೆ ತಾನೇ ಹಿಡಿದುಕೊಂಡು ನಿಂತಿದ್ದ. ತಲೆಯಿಂದ ಕಾಲವರೆಗೆ ಹೊದ್ದ ಕಪ್ಪು ಅಬಾಯದ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ಬದ್ರಿಯಾ ಇಳಿದಳು. "ಇಳೀರಿ ಉಮ್ ಸತ್ತಾರ್, ನಿಧಾನ," ಎಂದ ದಾಖಿಲ, ಮಗನ ಹೆಸರು ಹಿಡಿದು ಅವಳನ್ನು ಕರೆಯುತ್ತ. "ನಮ್ಮಮ್ಮನ್ನ ಅಷ್ಟು ಚೆನ್ನಾಗಿ ಕಳಿಸಿಕೊಟ್ಟ ಕೈ ಇದು, ಉಸ್ತಾದ್ ನಾಜಿ. ನಾನು ಬದುಕಿರೋವರೆಗೆ ಮರೆಯಲ್ಲ."

"ಮೆತ್ತಗೆ ಮಾತಾಡೋ ಮಾರಾಯಾ," ಎಂದ ನಾಜಿ.

"ಯಾಕೋ ಮೆತ್ತಗೆ? ಇಲ್ಲಿರೋರಿಗೆಲ್ಲ ಎಚ್ಚರ ಆಗಿಬಿಡುತ್ತಾ?" ಎಂದು ಬದ್ರಿಯಾ ದಿಬ್ಬದ ಕಡೆ ಕೈ ತೋರಿಸಿ ನಕ್ಕಳು. ಆಮೇಲೆ ತಮ್ಮನ ಮುಖ ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. "ಸೊರಗಿದೀಯ. ಎಲ್ಲಿ ನಿನ್ನ ಪುಸ್ತಕದೋಳು?"

"ಇಲ್ಲೇ ಎಲ್ಲೋ... ಮೊದಲು ಚಹ ಕುಡಿ ಅಕ್ಕ."

"ಚಹ ಎಲ್ಲಿಗೆ ಓಡಿಹೋಗುತ್ತೆ?"

"ಸಿತ್ ಲಮ್ಯಾ ಮೇಲಿದಾರೆ, ಸಿಂಹಾಸನದ ಕೋಣೇಲಿ," ಎಂದು ದಾಖಿಲ ಉಪಕಾರ ಮಾಡಿದ.

"ಅಲ್ಲೂ ಪುಸ್ತಕ ಇಟ್ಟಿದಾರಾ?"

ದಾಖಿಲ ನಾಜಿಯ ಮುಖ ನೋಡಿದ, ಆಕಾಶ ನೋಡಿದ, ಆಮೇಲೆ ಬದನೆಕಾಯಿ ಮೂಟೆ ಇಳಿಸುವುದಕ್ಕೆ ಹೋದ. ಬದ್ರಿಯಾ ಆಗಲೇ ದಿಬ್ಬ ಹತ್ತಲು ಶುರುಮಾಡಿದ್ದಳು. ಹಿಂದೆ ಹಿಂದೆ ಹೋಗುತ್ತ ನಾಜಿಗೆ ಬಾಲ್ಯದಲ್ಲಿ ಹೀಗೇ ಇವಳ ಅಬಾಯದ ಚುಂಗು ಹಿಡಿದು ಸಾವಿನ ಮನೆಗಳಿಗೆ ಹೋಗುತ್ತಿದ್ದದ್ದು, ಹೊರಗಿನ ಜಗಲಿಯಲ್ಲಿ ಕೂತು ಒಳಗೆ ನೀರು ಸುರಿಯುವ ಸದ್ದು ಕೇಳುತ್ತಿದ್ದದ್ದು, ಕರ್ಪೂರದ ವಾಸನೆ, ಆ ವಾಸನೆಯನ್ನು ತರಗತಿಯ ಹುಡುಗರು ತನ್ನ ಅಂಗಿಯಲ್ಲಿ ಹುಡುಕುತ್ತಿದ್ದದ್ದು ಎಲ್ಲ ಒಟ್ಟಿಗೆ ಬಂತು. ದಾರಿಯಲ್ಲಿ ಉತ್ಖನನದ ಮುಖ್ಯಸ್ಥ ಉಸ್ತಾದ್ ರವೂಫ್ ಸಿಕ್ಕಿದರು. ಅವರಿಗೆ ಬೇಕಿದ್ದದ್ದು ಅರಮನೆ, ಬರೀ ಅರಮನೆ. ಗೋರಿಯೆಂದರೆ ಅವರ ಪಾಲಿಗೆ ಒಳ್ಳೆಯ ಜಮಖಾನೆಗೆ ಬಿದ್ದ ಬೆಂಕಿಕಿಡಿ. "ನೋಡಿ ತಾಯಿ," ಎಂದು ಅವರು ಪರಿಚಯವೂ ಕೇಳದೆ ಬದ್ರಿಯಾಳಿಗೆ ದೂರು ಹೇಳಿದರು, "ದೇವರೇ ಒಂದು ಅರಮನೆ ಕೊಡು ಅಂದೆ. ಜರಡಿ ಕೊಟ್ಟ!"

"ಸತ್ತೋರಿಗೂ ಜಾಗ ಬೇಕಲ್ಲಪ್ಪ," ಎಂದಳು ಬದ್ರಿಯಾ, ಸಮಾಧಾನ ಮಾಡುವ ದನಿಯಲ್ಲಿ.

ಸಿಂಹಾಸನದ ಕೋಣೆಯಲ್ಲಿ ಸಿಂಹಾಸನವಿರಲಿಲ್ಲ. ಆಳೆತ್ತರದ ಮಣ್ಣಿಟ್ಟಿಗೆಯ ಗೋಡೆಗಳ ನಡುವೆ ಸುಣ್ಣ ಬಳಿದ ನೆಲ, ನೆಲದ ನಡುವೆ ಒಂದು ಗುಂಡಿ, ಗುಂಡಿಯಿಂದ ಮೇಲಕ್ಕೆ ಚಾಚಿದ ಎರಡು ಕಾಲು. ಒಂದು ಕಾಲಿನ ಚೀಲದಲ್ಲಿ ತೂತು. ಬದ್ರಿಯಾ ಅಂಚಿನಲ್ಲಿ ನಿಂತು ಬಗ್ಗಿ ನೋಡಿದಳು. ಒಳಗೆ ಪುಸ್ತಕ ನೋಡಿಕೊಳ್ಳುವವಳು ಬೋರಲು ಮಲಗಿ, ಯಾರದೋ ಮೊಣಕಾಲಿನ ಮಣ್ಣು ಒರೆಸುತ್ತಿದ್ದಳು. ಅಕ್ಕ ತನ್ನ ಕಡೆ ತಿರುಗುವ ಆ ಒಂದು ಗಳಿಗೆಯನ್ನು ನಾಜಿ ವಾರದಿಂದ ನೂರು ಥರ ಊಹಿಸಿದ್ದ. ಅವಳು ಬೈಯಲಿಲ್ಲ. ಅವನ ಕಿವಿಯ ಹತ್ತಿರ ಬಾಯಿ ತಂದು, "ದಪ್ಪ ಪುಸ್ತಕ ಕಣೋ" ಎಂದಳು, ಅಷ್ಟೆ.

ಲಮ್ಯಾ ಹಿಂದಕ್ಕೆ ತೆವಳುತ್ತ ಹೊರಬಂದಳು. ಹುಬ್ಬು, ಮೂಗಿನ ತುದಿ ಎಲ್ಲ ಮಣ್ಣು. ಕೈ ನೋಡಿಕೊಂಡು, ಕೈ ಚಾಚಲಾಗದೆ ಎದೆಯ ಮೇಲಿಟ್ಟು ನಮಸ್ಕರಿಸಿದಳು. "ಬನ್ನಿ ಅಕ್ಕ. ಈ ವೇಷದಲ್ಲಿ ಸಿಕ್ಕಿಬಿದ್ದೆ ನೋಡಿ."

ಬದ್ರಿಯಾ ಗುಂಡಿಯ ಅಂಚಿಗೆ ಕೂತೇಬಿಟ್ಟಳು. ಒಳಗಿದ್ದವರು ಮಗ್ಗುಲಾಗಿ, ಮಂಡಿ ಮಡಿಸಿ, ಎರಡು ಕೈಯನ್ನೂ ಮುಖದ ಹತ್ತಿರ ತಂದುಕೊಂಡು ಮಲಗಿದ್ದರು. ಬೆರಳುಗಳ ನಡುವೆ ಒಂದು ಮಣ್ಣಿನ ಬಟ್ಟಲು, ಕುಡಿಯಲು ಹೊರಟವರು ನಿದ್ದೆಹೋದ ಹಾಗೆ. ಕತ್ತಿನಲ್ಲಿ ಕೆಂಪು ಮಣಿಸರ. ಬದ್ರಿಯಾ ನಾಲಗೆಯಲ್ಲಿ ಲೊಚಗುಟ್ಟಿದಳು. "ಅಯ್ಯೋ ನನ್ನ ಕಣ್ಣೇ. ಎಷ್ಟು ಮಕ್ಕಳ ತಾಯಿಯೋ ಏನೋ. ಕೈಗೆ ಬಟ್ಟಲು ಕೊಟ್ಟು, ಸರ ಹಾಕಿ, ಎಷ್ಟು ಚೆನ್ನಾಗಿ ಮಲಗಿಸಿದಾರೆ. ಮಗಳೇ ಮಾಡಿರಬೇಕು ಇದನ್ನ. ನೋಡು, ಹೆತ್ತವಳು ಅಂತ ಸೊಂಟ ನೋಡಿದ್ರೆ ಗೊತ್ತಾಗುತ್ತೆ."

"ಸೊಂಟ ನೋಡಿದ್ರೇ ಗೊತ್ತಾಗೋದು ಅಕ್ಕ," ಎಂದಳು ಲಮ್ಯಾ, ನಗು ತಡೆದುಕೊಂಡು. "ಇವರು ಗಂಡಸು."

"ಗಂಡಸಾ!" ಬದ್ರಿಯಾ ಚಂಗನೆ ಎದ್ದು ಅಬಾಯ ಮುಖದ ಮೇಲೆ ಎಳೆದುಕೊಂಡು ಗುಂಡಿಗೆ ಬೆನ್ನು ಹಾಕಿದಳು. "ದೇವರೇ ಕ್ಷಮಿಸಪ್ಪ! ಪರಗಂಡಸನ್ನ ಇಷ್ಟೊತ್ತು ಕಣ್ತುಂಬ ನೋಡ್ತಾ ಕೂತಿದ್ದೆನಲ್ಲೇ! ಮತ್ತೆ ಆ ಸರ?"

"ಆಗ ಗಂಡಸರೂ ಹಾಕ್ತಿದ್ರು."

"ಹಾಕ್ತಿದ್ರಂತೆ. ನಮ್ಮೆಜಮಾನ್ರು ನಂಗೇ ಒಂದು ಹಾಕಿಸ್ಲಿಲ್ಲ."

ಇಬ್ಬರೂ ನಕ್ಕರು. ಪಕ್ಕದ ಕೋಣೆಯಲ್ಲಿ ಅಗೆಯುತ್ತಿದ್ದವರು ಗುದ್ದಲಿ ನಿಲ್ಲಿಸಿ ಇಣುಕಿದರು. ನಾಜಿಯೂ ನಕ್ಕ, ನಗುತ್ತಲೇ, ಇಷ್ಟು ಸುಲಭವಾಗಿ ದಾಟಿಹೋಯಿತೇ ಎಂದು ಎದೆ ಹಗುರಾಗುತ್ತಿರುವಾಗಲೇ, ಲಮ್ಯಾ ಮೂಲೆಯಲ್ಲಿದ್ದ ತನ್ನ ಚೀಲ ಬಿಚ್ಚಿದಳು. ಒಳಗಿಂದ ಮಡಿಸಿದ ಬಟ್ಟೆ ಬಂತು. ಆಲಿವ್ ಹಸಿರು, ಸಣ್ಣ ಬಿಳಿ ಹೂ. "ಅಕ್ಕ, ಮೊದಲ ಸಲ ನೋಡ್ತಿದೀನಿ, ಆಗಲೇ ಕೆಲಸ ಹೇಳ್ತಿದಾಳೆ ಅಂದ್ಕೋಬೇಡಿ. ಉಸ್ತಾದ್ ನಾಜಿ ಹೇಳಿದ್ರು, ನೀವು ಬಹಳ ಚೆನ್ನಾಗಿ ಹೊಲೀತೀರಂತೆ. ಇದರಲ್ಲೊಂದು ಉದ್ದನೆ ಅಂಗಿ ಹೊಲಿದುಕೊಡ್ತೀರಾ? ಮೋಸುಲಿನವಳು ನಾನು, ನಮ್ಮ ಜಿಪುಣತನ ನಿಮಗೆ ಗೊತ್ತೇ ಇದೆ, ಒಂದು ಗೇಣೂ ಹೆಚ್ಚಿಗೆ ತಂದಿಲ್ಲ. ನೋಡ್ಕೊಂಡು ಕತ್ತರಿಸಬೇಕು."

ಬದ್ರಿಯಾ ಬಟ್ಟೆಯನ್ನು ನೋಡಿದಳು. ತಮ್ಮನನ್ನು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಅವಳು ಬಟ್ಟೆಯನ್ನು ಎರಡು ಬೆರಳಲ್ಲಿ ಹೊಸಕಿ, "ಒಳ್ಳೇ ಬಟ್ಟೆ" ಎಂದಳು. "ನಿಂತ್ಕೋ ಮಗಳೇ, ಅಳತೆ ತಗೋತೀನಿ." ಲಮ್ಯಾ ನೆಟ್ಟಗೆ ನಿಂತಳು. ಬದ್ರಿಯಾ ಅವಳ ನೆತ್ತಿಯ ಮೇಲೆ ಹೆಬ್ಬೆರಳಿಟ್ಟು, ಗೇಣು ಹಾಕುತ್ತ, ಕಿವಿ, ಹೆಗಲು, ಸೊಂಟದ ಪಕ್ಕ, ಮಂಡಿ, ಒಂದೇ ಗೆರೆಯಲ್ಲಿ ಹಿಮ್ಮಡಿಯವರೆಗೆ ಇಳಿದಳು. ತುಟಿಯಲ್ಲೇ ಲೆಕ್ಕ ಹಾಕುತ್ತ, ಅಭ್ಯಾಸಬಲದಿಂದ, "ತಲೆ ಕಡೆ ಗಂಟಿಗೊಂದು ಗೇಣು, ಕಾಲ ಕಡೆ ಗಂಟಿಗೊಂದು ಗೇಣು" ಎಂದು ಗೊಣಗಿದಳು. ಅವಳಿಗೆ ಗೊತ್ತಿದ್ದ ಅಳತೆ ಅದೊಂದೇ. ಆ ಅಳತೆಯನ್ನು ನಾಜಿ ಜಗಲಿಯ ಮೇಲಿಂದ ಎಷ್ಟು ಸಲ ಕೇಳಿಸಿಕೊಂಡಿಲ್ಲ! ತನಗಾಗಿ, ತನ್ನ ಮರ್ಯಾದೆಗಾಗಿ, ಐವತ್ತು ದಾಟಿದ ಅಕ್ಕ ಅರಮನೆಯ ನೆಲದ ಮೇಲೆ ಮಂಡಿಯೂರಿ ತಾನು ದರ್ಜಿಯೆಂದು ನಟಿಸುತ್ತಿದ್ದಾಳೆ. ಎಷ್ಟು ಕೆಟ್ಟದಾಗಿ ನಟಿಸುತ್ತಿದ್ದಾಳೆ. ಒಬ್ಬ ಜೀವಂತ ಹೆಂಗಸಿಗೆ ಹೆಣದ ಬಟ್ಟೆಯ ಅಳತೆ ತೆಗೆಯುತ್ತಿದ್ದಾಳೆ.

"ತೋಳಿನ ಅಳತೆ ಬೇಡ್ವಾ ಅಕ್ಕ?" ಎಂದಳು ಲಮ್ಯಾ.

"ತೋಳು..." ಎಂದಳು ಬದ್ರಿಯಾ ಗಾಬರಿಯಿಂದ. "ಹೂಂ, ತೋಳೂ ಬೇಕಲ್ವಾ."

"ಅಕ್ಕನಿಗೆ ಹೊಲಿಯೋಕೆ ಬರಲ್ಲ," ಎಂದ ನಾಜಿ. ತನ್ನ ದನಿ ಗೋಡೆಗೆ ಬಡಿದು ವಾಪಸು ಬಂದದ್ದು ಅವನಿಗೇ ಕೇಳಿಸಿತು. "ನಾನು ಸುಳ್ಳು ಹೇಳಿದ್ದೆ. ಅಕ್ಕ ಹೆಣ ತೊಳೀತಾಳೆ. ನಮ್ಮಮ್ಮನೂ ಅದೇ ಮಾಡ್ತಿದ್ದಳು."

ಪಕ್ಕದ ಕೋಣೆಯಲ್ಲಿ ಗುದ್ದಲಿ ಮತ್ತೆ ಶುರುವಾಯಿತು. ಬದ್ರಿಯಾ ಮಂಡಿ ಹಿಡಿದುಕೊಂಡು ಎದ್ದಳು. "ನಾನು ಹೊಲಿಯೋ ಬಟ್ಟೆ ಒಂದೇ ಕಣಮ್ಮ. ಅದಕ್ಕೆ ತೋಳಿಲ್ಲ. ನಿಂಗದು ಈಗಲೇ ಬೇಡ," ಎಂದು ಹಸಿರು ಬಟ್ಟೆಯನ್ನು ನೀಟಾಗಿ ಮಡಿಸಿ ವಾಪಸು ಕೊಟ್ಟಳು.

ಲಮ್ಯಾ ಬಟ್ಟೆ ಹಿಡಿದುಕೊಂಡೇ ಕೇಳಿದಳು: "ನಾನು ಏನ್ಮಾಡ್ತೀನಿ ಅಂತ ಹೇಳಿದಾರೆ ನಿಮಗೆ?"

"ಪುಸ್ತಕ ನೋಡ್ಕೋತೀಯಂತೆ."

"ಪುಸ್ತಕ!" ಲಮ್ಯಾಳ ಮಣ್ಣು ಮೆತ್ತಿದ ಮುಖ ಮೊದಲು ಅಲುಗಿತು, ಆಮೇಲೆ ಒಡೆಯಿತು. ಅವಳು ಗೋಡೆ ಹಿಡಿದುಕೊಂಡು ನಕ್ಕಳು, ಬದ್ರಿಯಾ ಅವಳ ಹೆಗಲು ಹಿಡಿದುಕೊಂಡು ನಕ್ಕಳು, ಇಬ್ಬರೂ ಕಣ್ಣೊರೆಸಿಕೊಂಡರು. ನಾಜಿ ನಗಬೇಕೋ ಬೇಡವೋ ತಿಳಿಯದೆ ಬಾಯಿ ಅರ್ಧ ತೆರೆದು ನಿಂತಿದ್ದ. ನಗು ಇಳಿದ ಮೇಲೆ ಲಮ್ಯಾ ಅವನ ಕಡೆ ತಿರುಗಿದಾಗ ಅವಳ ಕಣ್ಣಲ್ಲಿ ನಗುವಿನ ನೀರಿತ್ತು, ನಗುವಿರಲಿಲ್ಲ. "ಉಸ್ತಾದ್ ನಾಜಿ, ನಮ್ಮಿಬ್ಬರಲ್ಲಿ ಯಾರನ್ನ ಕಂಡ್ರೆ ನಿಮಗೆ ಹೆಚ್ಚು ನಾಚಿಕೆ?"

ಅವನು ಕೋಳಿಗಳ ಕಥೆ ಹೇಳಬಹುದಿತ್ತು. ಆದರೆ ಕೋಳಿಗಳ ಹಿಂದೆ ಇನ್ನೆಷ್ಟು ವರ್ಷ ಬಚ್ಚಿಟ್ಟುಕೊಳ್ಳುವುದು? "ಚಹ ತಣ್ಣಗಾಗುತ್ತೆ" ಎಂದು ಏನೋ ತೊದಲಿ ದಿಬ್ಬ ಇಳಿದ. ಯಾರೂ ಅವನಿಗೆ ಇನ್ನೂ ಚಹ ಮಾಡಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಬದ್ರಿಯಾ ತನ್ನ ಪಾತ್ರೆ ತೆರೆದಳು. ಮೇಲೆ ತರಕಾರಿಯೊಳಗೆ ಅನ್ನ ತುಂಬಿ ಬೇಯಿಸಿದ ದೋಲ್ಮಾ, ಕೆಳಗಿನ ಡಬ್ಬಿಯಲ್ಲಿ ಕ್ಲೇಚ. ಚಾಪೆಯ ತುದಿಯಲ್ಲಿ ಕೂತ ನಾಜಿ ತಲೆಯೆತ್ತದೆ ರೊಟ್ಟಿ ಹರಿಯುತ್ತಿದ್ದ, ಆದರೆ ಕಿವಿ ಕಣ್ಣು ಎಲ್ಲ ಆ ಡಬ್ಬಿಯ ಮೇಲೆಯೇ. ಲಮ್ಯಾ ದಿಬ್ಬದಿಂದ ನೇರ ಬಂದಳು. ನಿಂತ ನಿಲುವಿನಲ್ಲೇ ಡಬ್ಬಿಗೆ ಕೈ ಹಾಕಿದಳು. ಬದ್ರಿಯಾ ಚಟೀರನೆ ಆ ಕೈಗೆ ಹೊಡೆದಳು.

"ಹೆಣ ಮುಟ್ಟಿದ ಕೈಯೇ ಅದು? ತೊಳ್ಕೊಂಡು ಬಾ ಹೋಗು!"

"ಸತ್ತು ಎಷ್ಟೋ ಸಾವಿರ ವರ್ಷ ಆಯ್ತಲ್ಲ ಅಕ್ಕ!"

"ಅಷ್ಟು ವರ್ಷದ ಕೊಳೆ. ಇನ್ನೂ ಚೆನ್ನಾಗಿ ಉಜ್ಜಿ ತೊಳ್ಕೋ."

ಲಮ್ಯಾ ಶಾಲೆಯ ಹುಡುಗಿಯ ಹಾಗೆ ತೊಟ್ಟಿಗೆ ಹೋಗಿ, ತೊಳೆದು, ಎರಡೂ ಕೈ ತಿರುಗಿಸಿ ತಿರುಗಿಸಿ ತೋರಿಸಿದಳು. ಬದ್ರಿಯಾ ಪರೀಕ್ಷೆ ಮಾಡಿ ತಲೆಯಾಡಿಸಿ ಒಂದು ಕ್ಲೇಚ ಅವಳ ಅಂಗೈಗೆ ಹಾಕಿದಳು. ಲಮ್ಯಾ ಕಚ್ಚಿದಳು, ಕಣ್ಣು ಮುಚ್ಚಿದಳು, ಇನ್ನೊಂದಕ್ಕೆ ಕೈ ಚಾಚಿದಳು. ನಾಜಿ ನೀರು ಕುಡಿದ. ಇಷ್ಟೇ ಇತ್ತಲ್ಲ, ಎಂದುಕೊಂಡ, ಇಷ್ಟೇ ಇತ್ತು. ಹಾಗೆಂದು ಲಮ್ಯಾ ಅವನ ಕಡೆ ತಿರುಗಿ ನೋಡಲಿಲ್ಲ. ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಉಂಡು ಎದ್ದುಹೋದಳು.

ಊಟ ಮುಗಿಯುವ ಹೊತ್ತಿಗೆ ದಕ್ಷಿಣದ ಅಂಚು ಹಳದಿಯಾಯಿತು. ಗಾಳಿ ಮೊದಲು ಡೇರೆಯ ಬಟ್ಟೆ ತಟ್ಟಿ ನೋಡಿತು, ಆಮೇಲೆ ದಿಬ್ಬದ ಮಣ್ಣನ್ನೆಲ್ಲ ಎಬ್ಬಿಸಿತು. ಉಸ್ತಾದ್ ರವೂಫ್ ಇದ್ದಬದ್ದ ಆಳುಗಳನ್ನೆಲ್ಲ ಕಟ್ಟಿಕೊಂಡು ಅರಮನೆಯ ಗೋಡೆಗಳಿಗೆ ಚಾಪೆ ಹೊದಿಸಲು ಓಡಿದರು. ಸಿಂಹಾಸನದ ಕೋಣೆಯಿಂದ ಲಮ್ಯಾ ಕೂಗಿದಳು: ಚಿತ್ರ, ಫೋಟೋ ಎಲ್ಲ ಆಗಿದೆ, ಮೈಯ ಮೂಳೆ ಪೆಟ್ಟಿಗೆ ಸೇರಿದೆ, ತಲೆಬುರುಡೆ ಒಂದೇ ಉಳಿದಿದೆ, ಒಬ್ಬಳಿಗೇ ಎತ್ತಲು ಆಗುತ್ತಿಲ್ಲ, ಯಾರಾದರೂ ಬನ್ನಿ. ನಾಜಿ ಕೋಣೆಯ ಬಾಗಿಲವರೆಗೆ ಓಡಿ, ಹೊಸ್ತಿಲಲ್ಲಿ ತಾನಾಗಿಯೇ ನಿಂತ. ಬದ್ರಿಯಾ ಆಗಲೇ ಗುಂಡಿಯ ಅಂಚಿನಲ್ಲಿ ನಿಂತಿದ್ದಳು, ಮುಖ ಆಚೆ ತಿರುಗಿಸಿಕೊಂಡು.

"ಅಕ್ಕ, ನೀನಿದೀಯಲ್ಲ, ಹಿಡ್ಕೋ ಸ್ವಲ್ಪ," ಎಂದ.

"ಯಾರು, ನಾನಾ? ಹೆಂಗಸರನ್ನ ಹೆಂಗಸರು, ಗಂಡಸರನ್ನ ಗಂಡಸರು. ಪರಗಂಡಸಿಗೆ ನಾನು ಕೈ ಹಾಕಲ್ಲ."

"ನಾನು ಹಾಕಿದೀನಲ್ಲ ಅಕ್ಕ!" ಎಂದಳು ಗುಂಡಿಯೊಳಗಿಂದ ಲಮ್ಯಾ.

"ನಿಂದು ವಿದ್ಯೆ. ನಂದು ನೇಮ. ಇಳಿಯೋ ನಾಜಿ, ಇಲ್ಲಿ ಗಂಡಸು ಅಂತ ಇರೋನು ನೀನೊಬ್ಬನೇ." ಅವಳು ಅಬಾಯದ ಅಂಚನ್ನು ಗಟ್ಟಿಯಾಗಿ ಕಚ್ಚಿಕೊಂಡಿದ್ದಳು; ಗಾಳಿಗೋ, ನಗು ತಡೆಯುವುದಕ್ಕೋ ಹೇಳಲಾಗುತ್ತಿರಲಿಲ್ಲ.

ಅವನು ಇಳಿದ. ಇಳಿದ ಮೇಲೆಯೇ ತಾನು ಇಳಿದದ್ದು ಅವನಿಗೆ ಗೊತ್ತಾದದ್ದು. ಒಳಗೆ ಗಾಳಿಯಿರಲಿಲ್ಲ, ತಂಪಿತ್ತು, ಹಸಿ ಮಣ್ಣಿನ ವಾಸನೆಯಿತ್ತು. ಕರ್ಪೂರದ ವಾಸನೆಗೆ ಕಾಯುತ್ತಿದ್ದ ಮೂಗು ಏನೂ ಸಿಗದೆ ಪೆಚ್ಚಾಯಿತು. ಕೈ ಕೆಳಗೆ ಹಾಕಿ, ಬೆರಳು ಅಗಲಿಸಿ, ನಾನು ಮಣ್ಣು ಬಿಡಿಸ್ತೀನಿ, ನೀವು ಅದರ ಭಾರ ತಗೊಳ್ಳಿ ಎಂದಳು ಲಮ್ಯಾ, ಚುಟುಕಾಗಿ. ಮೇಲಿಂದ ಬದ್ರಿಯಾ, "ತಲೆ ಜೋಲುಬಿಡಬೇಡ, ಮಗೂನ ಹಿಡಿಯೋ ಹಾಗೆ ಹಿಡಿ" ಎಂದಳು. ನಿಧಾನವಾಗಿ ಅದು ಅವನ ಅಂಗೈಗೆ ಬಂತು. ಅವನು ಹೆದರಿದ್ದ ಭಾರವೇ ಇರಲಿಲ್ಲ. ಖಾಲಿ ಬಟ್ಟಲಿನಷ್ಟು. ಕಣ್ಣು ಬೇಡವೆಂದರೂ ನೋಡಿತು: ನೆತ್ತಿಯ ಮೇಲೆ ಅಂಕುಡೊಂಕಾದ ಗೆರೆ, ಚೂರಿಗೆ ಚೂರು ಕೂಡಿಸಿ ಅಂಟಿಸಿದ ಹಾಗೆ. ಎಂಥ ನಾಜೂಕಾದ ಕೂಡಿಕೆ. ಅವನು ತನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಒಂದು ಹೂಜಿಯನ್ನೂ ಕೂಡಿಸಿರಲಿಲ್ಲ. "ಇದನ್ನ ಯಾರು ಅಂಟಿಸಿದ್ದು?" ಎಂದುಬಿಟ್ಟ.

"ಅವರಮ್ಮನ ಹೊಟ್ಟೇಲೇ ಆಗಿದ್ದು," ಎಂದಳು ಲಮ್ಯಾ. ಈ ಸಲ ಅವಳ ಕಣ್ಣಲ್ಲಿ ಸ್ವಲ್ಪ ನಗುವಿತ್ತು. ಮೊಳಕೈಗೆ ಮೊಳಕೈ ತಾಗುವಷ್ಟು ಇಕ್ಕಟ್ಟು. ಯಾರದೋ ತಲೆಯನ್ನು ಮಗುವಿನ ಹಾಗೆ ಹಿಡಿದುಕೊಂಡು, ತಿಂಗಳುಗಟ್ಟಲೆ ಚಹದ ಲೋಟಗಳ ಮುಂದೆ, ಬೆಳದಿಂಗಳ ಮುಂದೆ, ಹೇಳಲಾಗದ್ದನ್ನು ಅವನು ಹೇಳಿದ. ಎಷ್ಟು ಮೆಲ್ಲಗೆ ಹೇಳಿದನೆಂದರೆ ಅರ್ಧ ಅವನ ಗಂಟಲಲ್ಲೇ ಉಳಿಯಿತು.

ಲಮ್ಯಾ ಕೈ ನಿಲ್ಲಿಸಿದಳು. "ಮೊದಲು ಅವರನ್ನ ಪೆಟ್ಟಿಗೇಲಿಡಿ."

ಅವನು ಹತ್ತಿಯ ಹಾಸಿನ ಮೇಲೆ ಇಟ್ಟ. ಅವಳು ಕಾಗದ ಹೊದಿಸಿದಳು, ಮುಚ್ಚಳ ಹಾಕಿದಳು.

"ಏನೋ ಅಂದ್ನಲ್ಲ, ಏನದು?" ಎಂದು ಬದ್ರಿಯಾ ಮೇಲಿಂದ ಕೂಗಿದಳು. "ಈ ಗಾಳೀಲಿ ಏನೂ ಕೇಳಿಸ್ತಿಲ್ಲ! ಜೋರಾಗಿ ಹೇಳೋ, ಹೆಣದ ಮನೇಲಿ ಹುಟ್ಟಿ ಬೆಳೆದೋನಿಗೆ ಗಂಟಲಿಲ್ವಾ?"

ನಾಜಿ ಗುಂಡಿಯೊಳಗೆ ಎದ್ದು ನಿಂತ. ತಲೆ ಮೇಲೆ ಬಂದದ್ದೇ ಗಾಳಿ ಕಪಾಳಕ್ಕೆ ಹೊಡೆಯಿತು. ಗೋಡೆಯ ಮೇಲೆ ಚಾಪೆ ಹಿಡಿದ ಆಳುಗಳು, ದಾಖಿಲ, ಎಲ್ಲ ಈ ಕಡೆಯೇ ನೋಡುತ್ತಿದ್ದರು. "ಲಮ್ಯಾನ ಮದುವೆಯಾಗ್ತೀನಿ ಅಂದೆ!" ಎಂದು ಕೂಗಿದ. "ಮೂಳೆ ನೋಡ್ಕೊಳ್ಳೋ ಲಮ್ಯಾನ! ನಾನು ಹೆಣ ತೊಳೆಯೋ ಬದ್ರಿಯಾಳ ತಮ್ಮ, ಅವಳು ಒಪ್ಪಿದ್ರೆ!" ಒಂದು ಚಾಪೆ ಯಾರದೋ ಕೈ ತಪ್ಪಿ ಹಾರಿಹೋಯಿತು.

ಲಮ್ಯಾ ಪೆಟ್ಟಿಗೆಗೆ ಹಗ್ಗ ಸುತ್ತಿ, ಬಿಗಿದು, ಗಂಟು ಹಾಕಿದಳು. ಅಷ್ಟು ಹೊತ್ತೂ ಅವನು ಉಸಿರಾಡಲಿಲ್ಲ. "ಮೋಸುಲಿಗೆ ಬಂದು ನಮ್ಮಪ್ಪನ್ನ ಕೇಳಬೇಕಾಗುತ್ತೆ," ಎಂದಳು ಕೊನೆಗೆ. "ಅವರಿಗೆ ಕಿವಿ ಮಂದ. ಈಗ ಕೂಗಿದ ಹಾಗೇ ಕೂಗಬೇಕು, ಒಂದಕ್ಷರ ಬಿಡದೆ."

ಬದ್ರಿಯಾ ಅಬಾಯದ ಅಂಚನ್ನು ಹಲ್ಲಿಂದ ಬಿಟ್ಟಳು, ತಲೆ ಹಿಂದಕ್ಕೆ ಚೆಲ್ಲಿ, ನಾಲಗೆ ತಿರುಗಿಸಿ, ಮದುವೆಮನೆಯ ಉಲಿಯನ್ನು ಗಾಳಿಗೆ ಎಸೆದಳು. ಸಾವಿನ ಮನೆಗಳಲ್ಲಿ ಇಷ್ಟು ವರ್ಷ ದನಿ ತಗ್ಗಿಸಿ ನಡೆದವಳ ಗಂಟಲು ಅಷ್ಟು ದೂರ ಹೋಗುತ್ತದೆಂದು ನಾಜಿಗೆ ಗೊತ್ತೇ ಇರಲಿಲ್ಲ. ದಿಬ್ಬದ ಆ ತುದಿಯಲ್ಲಿದ್ದ ಉಸ್ತಾದ್ ರವೂಫ್ ಕನ್ನಡಕ ಹಿಡಿದುಕೊಂಡು, ಎಡವುತ್ತ, ಏದುಸಿರು ಬಿಡುತ್ತ ಓಡಿಬಂದರು.

"ಏನು ಸಿಕ್ತು? ಏನು ಸಿಕ್ತು? ಬಂಗಾರವಾ?"

"ಗಂಡಸು, ಉಸ್ತಾದ್," ಎಂದಳು ಲಮ್ಯಾ ಗುಂಡಿಯಿಂದ ಮೇಲೆ ಬರುತ್ತ, ವರದಿ ಒಪ್ಪಿಸುವ ದನಿಯಲ್ಲಿ. "ನಲವತ್ತು ದಾಟಿರಬೇಕು. ಹಲ್ಲೆಲ್ಲ ಗಟ್ಟಿ ಇವೆ."

"ಮತ್ತೆ ನನ್ನ ನೆಲ?" ಎಂದರು ಅವರು ಅಳುಮೋರೆ ಮಾಡಿಕೊಂಡು.

ನಾಜಿ ನಾಲಗೆಯಿಂದ ಹಲ್ಲುಗಳನ್ನು ಒಂದೊಂದಾಗಿ ತಡವಿ ನೋಡಿಕೊಂಡ. ಬಾಯ್ತುಂಬ ಮರಳಿತ್ತು. ಉಗುಳಿ, ನಗುತ್ತ, ಅಕ್ಕನ ಕೈ ಹಿಡಿದು ಮೇಲೆ ಹತ್ತಿದ.